ಕೈಗೆ ಬ್ರಷ್ ಕೊಡುವ ತರಗತಿ: ಮೈಸೂರಿನ ಸೆಲ್ಫ್ ಮೇಕಪ್ ಕಲಿಕೆಯೊಂದರ ವಿಮರ್ಶೆ

ಮೈಸೂರಿನ ಕುವೆಂಪುನಗರದಲ್ಲಿ ಮನೆಯ ಮಹಡಿಯಲ್ಲೇ ಬ್ಯೂಟಿ ಪಾರ್ಲರ್ ನಡೆಸುವ ಮಹಿಳೆಯೊಬ್ಬರು ಶನಿವಾರ ಮಧ್ಯಾಹ್ನ ಸೆಲ್ಫ್ ಮೇಕಪ್ ಹೇಳಿಕೊಡುತ್ತಾರೆ. ನಾಲ್ಕು ಶನಿವಾರಗಳ ತರಗತಿ, ತಂಡಕ್ಕೆ ಆರು ಜನ, ಶುಲ್ಕ 3,500 ರೂಪಾಯಿ. ಮದುಮಗಳ ಅಲಂಕಾರವನ್ನು ವೃತ್ತಿಯಾಗಿಸಿಕೊಳ್ಳಬೇಕೆಂದಿರುವವರಿಗೆ ಇದು ಸಾಲದು. ಕಚೇರಿಗೆ, ಸೀಮಂತಕ್ಕೆ, ಮನೆಯವರ ಆರತಕ್ಷತೆಗೆ ಇನ್ನೊಬ್ಬರನ್ನು ಕಾಯದೆ ತಾನೇ ತಯಾರಾಗಬೇಕು ಎನ್ನುವವರಿಗಾಗಿ ರೂಪಿಸಿದ ತರಗತಿ ಇದು. ಬೋರ್ಡು ಕೂಡ ಇಲ್ಲದೆ ಬಾಯಿಮಾತಿನಿಂದಲೇ ನಡೆಯುವ ಪಾರ್ಲರ್ ಆದ್ದರಿಂದ, ಮತ್ತು ಮುಂದೆ ಎರಡು ದೂರುಗಳನ್ನೂ ಹೇಳಲಿರುವುದರಿಂದ, ಹೆಸರನ್ನು ಬರೆಯುತ್ತಿಲ್ಲ.

ಈ ತರಗತಿಯ ದೊಡ್ಡ ಗುಣವೆಂದರೆ ಕಲಿಸುವವರು ಕಲಿಯುವವರ ಮುಖವನ್ನು ಮುಟ್ಟುವುದೇ ಇಲ್ಲ. ಸಾಮಾನ್ಯವಾಗಿ ಇಂಥ ಕಡೆ ಅರ್ಧ ಮುಖಕ್ಕೆ ಅವರು ಹಚ್ಚಿ, ಉಳಿದರ್ಧವನ್ನು ನಮಗೆ ಬಿಡುತ್ತಾರೆ; ಪಳಗಿದ ಕೈಯ ಪಕ್ಕದಲ್ಲಿ ನಮ್ಮ ಕೈಕೆಲಸ ಇನ್ನಷ್ಟು ಕಳಪೆಯಾಗಿ ಕಂಡು, ಇದ್ದ ಧೈರ್ಯವೂ ಹೋಗುತ್ತದೆ. ಇಲ್ಲಿ ಅವರು ತಮ್ಮ ಮುಖಕ್ಕೆ ತಾವು ಹಚ್ಚಿಕೊಳ್ಳುತ್ತಾರೆ, ನಾವು ನೋಡಿಕೊಂಡು ನಮ್ಮದಕ್ಕೆ ಹಚ್ಚಿಕೊಳ್ಳಬೇಕು. ಐಲೈನರ್ ವಕ್ರವಾಯಿತೆಂದು ಒಬ್ಬರು ಮುಖ ಮುಂದೊಡ್ಡಿದಾಗ, "ನಾನು ಸರಿಮಾಡಿದ್ರೆ ಇವತ್ತು ಚೆನ್ನಾಗಿ ಕಾಣ್ತೀರಮ್ಮ, ಮುಂದಿನ ಫಂಕ್ಷನ್‌ಗೆ ಮತ್ತೆ ನನಗೇ ಫೋನ್ ಮಾಡ್ತೀರ" ಎಂದು ಹತ್ತಿಕಡ್ಡಿಯನ್ನು ಅವರ ಕೈಗೇ ಕೊಟ್ಟರು. ಯಕ್ಷಗಾನದ ಚೌಕಿಯಲ್ಲಿ ಕಲಾವಿದರು ಕೈಗನ್ನಡಿ ಹಿಡಿದು ತಮ್ಮ ಬಣ್ಣವನ್ನು ತಾವೇ ಹಾಕಿಕೊಳ್ಳುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಆ ಕಲಿಕೆಯೂ ನೋಡಿ, ಹಚ್ಚಿ, ಒರೆಸಿ, ಮತ್ತೆ ಹಚ್ಚಿಯೇ ಬರುತ್ತದೆ.

ಹೆಚ್ಚು ಸಮಯ ಹೋಗುವುದು ಮುಖಕ್ಕೆಲ್ಲ ತಳಪದರವಾಗಿ ಹಚ್ಚುವ ಫೌಂಡೇಶನ್ನಿನ ಬಣ್ಣ ಆರಿಸುವುದರಲ್ಲಿ, ಮತ್ತು ಅದು ಹಾಗೇ ಇರಬೇಕು. ಅಂಗಡಿಯ ಬಿಳಿ ದೀಪದ ಕೆಳಗೆ ಮುಂಗೈಗೆ ಹಚ್ಚಿ ತೋರಿಸುವ ರೂಢಿಯನ್ನು ಇವರು ಮೊದಲು ಬಿಡಿಸುತ್ತಾರೆ. ಮುಂಗೈಯ ಬಣ್ಣ ಬೇರೆ, ಮುಖದ ಬಣ್ಣ ಬೇರೆ. ಆದ್ದರಿಂದ ಕಿಟಕಿಯ ಬಳಿ ನಿಂತು, ಕೆನ್ನೆ ಮುಗಿದು ಕುತ್ತಿಗೆ ಶುರುವಾಗುವ ದವಡೆಯಂಚಿನಲ್ಲಿ ಮೂರು ಶೇಡುಗಳನ್ನು ಪಕ್ಕಪಕ್ಕದಲ್ಲಿ ಗೆರೆಯೆಳೆದು, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ನೋಡಬೇಕು; ಗಾಳಿ ಮತ್ತು ಚರ್ಮದ ಎಣ್ಣೆ ತಾಗಿದ ಮೇಲೆ ಕೆಲವು ಫೌಂಡೇಶನ್‌ಗಳು ಒಂದು ಛಾಯೆ ಗಾಢವಾಗುವುದರಿಂದ, ಹಚ್ಚಿದ ಕ್ಷಣದಲ್ಲಿ ಸರಿಹೊಂದಿದ್ದು ಆಮೇಲೆ ಹೊಂದಬೇಕೆಂದಿಲ್ಲ. ಯಾವ ಗೆರೆ ಕಾಣದಂತೆ ಕರಗಿಹೋಯಿತೋ ಅದು ನಮ್ಮ ಶೇಡು. ಗೋಧಿಬಣ್ಣದ, ಎಣ್ಣೆಗೆಂಪು ಬಣ್ಣದ ಮುಖಗಳಿಗೆ ಒಂದು ಹಂತ ಬಿಳಿಯದನ್ನು ಹಚ್ಚಿದರೆ ಮುಖ ಬೆಳ್ಳಗಾಗದೆ ಬೂದಿ ಬಡಿದಂತೆ ಕಾಣುತ್ತದೆ ಎಂಬುದನ್ನು ಹೇಳುವ ಬದಲು ಹಚ್ಚಿಸಿಯೇ ತೋರಿಸಿದರು. ಕಣ್ಣಿನ ಕೆಳಗಿನ ಕಪ್ಪಿಗೂ ಇದೇ ಮಾತು: ಕಲೆ ಮುಚ್ಚುವ ತಿಳಿಬಣ್ಣದ ಕನ್ಸೀಲರನ್ನು ನೇರವಾಗಿ ಹಚ್ಚಿದರೆ ಅದು ನೀಲಿಬೂದು ಬಣ್ಣಕ್ಕೆ ತಿರುಗುತ್ತದೆ, ಕೆಳಗೆ ಕಪ್ಪನ್ನು ತಗ್ಗಿಸುವ ಕಿತ್ತಳೆ ಛಾಯೆಯ ಕರೆಕ್ಟರ್ ತೆಳುವಾಗಿ ಇದ್ದರೆ ಮೇಲಿನದು ಅರ್ಧದಷ್ಟೇ ಸಾಕು. ಸ್ಪಂಜನ್ನು ನೀರಲ್ಲಿ ನೆನೆಸಿ, ಚೆನ್ನಾಗಿ ಹಿಂಡಿ, ಉಜ್ಜದೆ ಒತ್ತಬೇಕು. ಮಣಿಕಟ್ಟಿನ ನರ ಹಸಿರೋ ನೀಲಿಯೋ ಎಂದು ನೋಡಿ ಚರ್ಮದ ಒಳಛಾಯೆಯನ್ನು, ಎಂದರೆ ಅದು ಹಳದಿಯ ಕಡೆಗೋ ಗುಲಾಬಿಯ ಕಡೆಗೋ ಎಂಬುದನ್ನು, ತೀರ್ಮಾನಿಸುವ ಪರೀಕ್ಷೆಯನ್ನೂ ಮಾಡಿಸಿದರು. ಕಪ್ಪು ಚರ್ಮದವರಲ್ಲಿ ನರವೇ ಸರಿಯಾಗಿ ಕಾಣುವುದಿಲ್ಲವಾದ್ದರಿಂದ ನನಗೆ ಅದರಲ್ಲಿ ನಂಬಿಕೆಯಿಲ್ಲ, ದವಡೆಯ ಗೆರೆಯೇ ವಾಸಿ.

ಕಣ್ಣಿನ ಪಾಠ ಎರಡನೆಯ ಸ್ಥಾನ ಪಡೆಯುತ್ತದೆ. ಕೈ ನಡುಗುವುದಕ್ಕೆ ಅವರು ಕೊಟ್ಟ ಪರಿಹಾರ ಸರಳವಾದದ್ದು: ಮೊಣಕೈಯನ್ನು ಮೇಜಿಗೂರಿ, ಕಿರುಬೆರಳನ್ನು ಕೆನ್ನೆಗೆ ಆನಿಸಿ, ಕನ್ನಡಿಯನ್ನು ಗಲ್ಲದ ಮಟ್ಟಕ್ಕೆ ಇಳಿಸಿ ಕೆಳಗೆ ನೋಡುತ್ತ, ರೆಪ್ಪೆಯ ಬುಡದಲ್ಲಿ ಚುಕ್ಕೆಗಳನ್ನಿಟ್ಟು ಆಮೇಲೆ ಕೂಡಿಸುವುದು. ರಂಗೋಲಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾಡಿಗೆ ಕಣ್ಣಿನಿಂದ ಕೆಳಗಿಳಿಯುವ ಸಮಸ್ಯೆಗೆ, ಹಚ್ಚುವ ಮೊದಲು ಕೆಳರೆಪ್ಪೆಯ ಎಣ್ಣೆಯಂಶವನ್ನು ಒರೆಸಿ, ಹಚ್ಚಿದ ಮೇಲೆ ಅದೇ ಬಣ್ಣದ ಐಶ್ಯಾಡೋ ಪುಡಿಯನ್ನು ಸಣ್ಣ ಬ್ರಷ್ಷಿನಿಂದ ಒತ್ತಲು ಹೇಳಿದರು. ಮೈಸೂರಿನ ಒಣಹವೆಯಲ್ಲಿ ಇದು ಸಂಜೆಯವರೆಗೆ ನಿಂತಿತು. ಮಂಗಳೂರಿನ ಸೆಕೆಯಲ್ಲಿ ಮದುವೆ ಊಟ ಮುಗಿಯುವ ಹೊತ್ತಿಗೆ ಒಮ್ಮೆ ಸರಿಪಡಿಸಿಕೊಳ್ಳಬೇಕಾಯಿತು. ತೆಗೆಯುವುದಕ್ಕೆ ಕೊಬ್ಬರಿ ಎಣ್ಣೆ ಸಾಕೆಂದರು, ನೀರಿಗೆ ಬಿಡದ ಕಾಡಿಗೆ ಎಣ್ಣೆಗೆ ಕರಗುತ್ತದೆಂಬುದು ನಿಜವೂ ಹೌದು. ಆದರೆ ಅದಾದ ಮೇಲೆ ಫೇಸ್‌ವಾಶ್ ಹಾಕಿ ಮುಖ ತೊಳೆಯದಿದ್ದರೆ ಮೊಡವೆಯ ಚರ್ಮದವರಿಗೆ ತೊಂದರೆಯಾಗುತ್ತದೆ ಎಂದು ಸೇರಿಸಬೇಕಿತ್ತು.

ಈಗ ದೂರುಗಳು. ಮೊದಲನೆಯದು ಸ್ವಚ್ಛತೆಯದು, ಮತ್ತು ಅದು ಚಿಕ್ಕದಲ್ಲ. ಮೊದಲ ತರಗತಿಯಲ್ಲಿ ಒಂದೇ ಕಾಡಿಗೆ ಪೆನ್ಸಿಲ್ಲು, ಒಂದೇ ಮಸ್ಕಾರಾ ಆರು ಜನರ ಕಣ್ಣು ಸುತ್ತಲು ಹೊರಟಿದ್ದವು. ಮದ್ರಾಸ್ ಐ ಒಬ್ಬರಿಂದ ಒಬ್ಬರಿಗೆ ಹರಡುವುದಕ್ಕೆ ಇದಕ್ಕಿಂತ ಸುಲಭದ ದಾರಿ ಬೇಕಿಲ್ಲ. ಆಕ್ಷೇಪಿಸಿದಾಗ ಬೇಸರಿಸದೆ, ಮುಂದಿನ ವಾರದಿಂದ ಬಿಸಾಡುವ ಮಸ್ಕಾರಾ ಕಡ್ಡಿಗಳನ್ನು ತಂದರು, ಪೆನ್ಸಿಲ್ ಹೆರೆದು ಸ್ಪಿರಿಟ್ಟಿನಲ್ಲಿ ಒರೆಸಿ ಕೊಟ್ಟರು, ಲಿಪ್‌ಸ್ಟಿಕ್ಕನ್ನು ಚಮಚೆಯಿಂದ ಕೆರೆದು ತಟ್ಟೆಗೆ ಹಾಕಿದರು. ಕೇಳದಿದ್ದರೆ ಮಾಡುತ್ತಿದ್ದರೇ ಎಂಬ ಅನುಮಾನ ಮಾತ್ರ ಉಳಿಯಿತು. ತೆರೆದ ಮಸ್ಕಾರಾವನ್ನು ಮೂರು ತಿಂಗಳಿಗಿಂತ ಹೆಚ್ಚು ಬಳಸಬಾರದು, ಡಬ್ಬಿಯ ಹಿಂದೆ ಅಚ್ಚಾಗಿರುವ, ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗಿನ ಅಂಕಿಯು ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದೆಂದು ತಿಳಿಸುತ್ತದೆ ಎಂಬ ವಿಷಯ ಪಾಠದಲ್ಲಿ ಬರಲೇ ಇಲ್ಲ. ಸ್ಟಿಕ್ಕರ್ ಬಿಂದಿಯ ಅಂಟಿನಲ್ಲಿರುವ ಒಂದು ಬಗೆಯ ಫೀನಾಲ್‌ನಿಂದ ಕೆಲವರ ಹಣೆಯಲ್ಲಿ ಬಿಳಿಮಚ್ಚೆ ಬೀಳುವುದು ಚರ್ಮವೈದ್ಯರಿಗೆ ಬಹುಕಾಲದಿಂದ ಗೊತ್ತಿರುವ ಸಂಗತಿ. ಅಂಥದ್ದು ಒಂದೇ ದಿನದಲ್ಲಿ ತಿಳಿಯದಿದ್ದರೂ, ತುರಿಕೆ, ಉರಿ ಬರುತ್ತದೆಯೇ ಎಂದು ನೋಡಲು ಹೊಸ ವಸ್ತುವನ್ನು ಕಿವಿಯ ಹಿಂದೆ ಹಚ್ಚಿ ಒಂದು ದಿನ ಕಾಯುವ ಅಭ್ಯಾಸವನ್ನಾದರೂ ಕಲಿಸಬಹುದಿತ್ತು.

ಎರಡನೆಯದು ಕೊನೆಯ ಶನಿವಾರದ ವ್ಯಾಪಾರ. ಮೇಜಿನ ಮೇಲೆ ಕಿಟ್‌ಗಳು ಬಂದವು, ತಂಡಕ್ಕೆ ರಿಯಾಯಿತಿ ಎಂದರು. ಒತ್ತಾಯವಿರಲಿಲ್ಲ, ಆದರೆ ಮೂರು ವಾರ ದವಡೆಯಂಚಿನಲ್ಲಿ ಶೇಡು ನೋಡಿ ಕೊಳ್ಳಿ ಎಂದವರೇ ಎಲ್ಲರಿಗೂ ಒಂದೇ ಶೇಡಿನ ಕಾಂಪ್ಯಾಕ್ಟ್ ಪುಡಿ ಇರುವ ಡಬ್ಬಿಯನ್ನು ಮುಂದಿಟ್ಟದ್ದು ವಿಚಿತ್ರವಾಗಿತ್ತು. ಆರರಲ್ಲಿ ನಾಲ್ವರು ಕೊಳ್ಳಲಿಲ್ಲ. ಪಾಠ ತಲುಪಿದೆ ಎಂಬುದಕ್ಕೆ ಇದನ್ನೇ ಸಾಕ್ಷಿ ಎನ್ನಬಹುದು.

ಸೇರುವವರು ತಮ್ಮ ಬಳಿ ಈಗಾಗಲೇ ಇರುವ ಸಾಮಾನುಗಳನ್ನೇ ತೆಗೆದುಕೊಂಡು ಹೋಗಲಿ, ಕಾಡಿಗೆ ಮತ್ತು ಮಸ್ಕಾರಾ ಮಾತ್ರ ಕಡ್ಡಾಯವಾಗಿ ಸ್ವಂತದ್ದಿರಲಿ. ಆರತಕ್ಷತೆಗೆಂದು ಕಲಿಯುವವರು ಕೊನೆಯಲ್ಲಿ ಹಾಕುವ ಬಿಳಿ ಸಿಲಿಕಾ ಪುಡಿ ಕ್ಯಾಮೆರಾದ ಫ್ಲ್ಯಾಶ್‌ಗೆ ಮುಖದ ಮೇಲೆ ಬಿಳಿ ತೇಪೆಯಾಗಿ ಹೊಳೆಯುವ ಬಗ್ಗೆ ಕೇಳಿಯೇ ತಿಳಿದುಕೊಳ್ಳಬೇಕು. ಕೇಳಿದರೆ ಬಹಳ ಚೆನ್ನಾಗಿ ವಿವರಿಸುತ್ತಾರೆ, ಫೋನಿನಲ್ಲಿ ಫ್ಲ್ಯಾಶ್ ಹಾಕಿ ಫೋಟೋ ತೆಗೆದೂ ತೋರಿಸುತ್ತಾರೆ.