ಪುಟ್ಟ ಆರ್ಕಿಡ್: ಪಿಂಕ್ ತರೋದಾ, ಕಿತ್ತಳೆ ತರೋದಾ?

ಬಾಲ್ಕನಿ ಚಿಕ್ಕದು, ಆದರೂ ವಾಂಡಾ ಅನ್ನುವ ದೊಡ್ಡ ಆರ್ಕಿಡ್‌ನಂಥ ಹೂವು ಬೇಕು ಅನ್ನುವವರಿಗೆ ಆಸ್ಕೊಸೆಂಟ್ರಮ್ ಹೇಳಿ ಮಾಡಿಸಿದ ಗಿಡ. ಗೇಣುದ್ದ ಇರುತ್ತದೆ, ಮಣ್ಣು ಬೇಡ. ಮಲೆನಾಡಿನ ಮರಗಳಲ್ಲಿ ಕಾಣುವ ಸೀತಾಳೆ ದಂಡೆಯ ನೆಂಟ. 2012ರಲ್ಲಿ ಇದನ್ನು ವಾಂಡಾ ಕುಲಕ್ಕೇ ಸೇರಿಸಿಬಿಟ್ಟರು, ನರ್ಸರಿಯವರು ಮಾತ್ರ ಹಳೇ ಹೆಸರನ್ನೇ ಹೇಳುತ್ತಾರೆ.

ನಮ್ಮ ಬೆಂಗಳೂರಿನ ಮನೆಯಲ್ಲಿ ಎರಡು ಜಾತಿಗಳನ್ನು ಪಕ್ಕಪಕ್ಕದಲ್ಲೇ ತೂಗುಹಾಕಿದ್ದೇನೆ. ಬೆಳಗಿನ ಬಿಸಿಲು ಬೀಳುವ ಜಾಗ. ಪಿಂಕ್ ಹೂವಿನದು ಆಂಪುಲೇಸಿಯಮ್, ಈಶಾನ್ಯ ಭಾರತ, ನೇಪಾಳ, ಮ್ಯಾನ್ಮಾರ್ ಕಡೆಯ ಬೆಟ್ಟದ ಗಿಡ. ಕಿತ್ತಳೆಯದು ಗರಾಯಿ, ಥಾಯ್ಲೆಂಡ್, ವಿಯೆಟ್ನಾಂ ಕಡೆಯದು. ಇದನ್ನು ಮಿನಿಯೇಟಮ್ ಅಂತ ಮಾರುವುದೇ ಜಾಸ್ತಿ, ಆದರೆ ಆ ಜಾತಿಯೇ ಬೇರೆ.

ಹೂವಿನ ವಿಷಯಕ್ಕೆ ಬಂದರೆ ಪಿಂಕೇ ಮುಂದೆ. ಬೇಸಿಗೆ ಶುರುವಾಗುವಾಗ ಎಲೆಗಳ ನಡುವೆ ಗೊಂಚಲು ಒತ್ತೊತ್ತಾಗಿ ತುಂಬಿಕೊಳ್ಳುತ್ತದೆ. ಬಣ್ಣ ಎಂಥ ಗಾಢ ಅಂದರೆ ಫೋನ್ ಕ್ಯಾಮೆರಾದಲ್ಲಿ ಸರಿಯಾಗಿ ಬರುವುದೇ ಇಲ್ಲ. ಕಿತ್ತಳೆಯದು ನೆಟ್ಟಗೆ ನಿಲ್ಲುವ ಗೊಂಚಲು. ಹೂವು ಇನ್ನೂ ಸಣ್ಣದು, ಆದರೆ ಬೀದಿಯಿಂದಲೂ ಕಣ್ಣಿಗೆ ಬೀಳುತ್ತದೆ.

ಸಾಕುವ ಮಾತಿಗೆ ಬಂದರೆ ಲೆಕ್ಕ ತಿರುಗಾಮುರುಗಾ. ಏಪ್ರಿಲ್ ಸೆಕೆಗೆ ಗರಾಯಿ ಜಪ್ಪಯ್ಯ ಅನ್ನುವುದಿಲ್ಲ. ಎಲೆ ದಪ್ಪ, ಗಟ್ಟಿ. ಆಂಪುಲೇಸಿಯಮ್ಮಿಗೆ ಆಗ ದಿನಕ್ಕೆರಡು ಸಲ ನೀರು ಚಿಮುಕಿಸಬೇಕು, ಮಧ್ಯಾಹ್ನ ನೆರಳು ಕೊಡಬೇಕು. ಬಿಸಿಲು ಜಾಸ್ತಿಯಾದರೆ ಎಲೆ ಮೇಲೆ ನೇರಳೆ ಚುಕ್ಕೆ ಏಳುತ್ತವೆ. ರೋಗ ಅಂತ ಗಾಬರಿ ಬೇಡ, ಚುಕ್ಕೆ ಸ್ವಲ್ಪ ಇದ್ದರೆ ಹೂವಿಗೆ ಒಳ್ಳೆಯದೇ. ಡಿಸೆಂಬರ್ ಚಳಿಗೆ ಮಾತ್ರ ಆಂಪುಲೇಸಿಯಮ್ ಆರಾಮಾಗಿ ಇರುತ್ತದೆ, ಆಗ ನೀರು ಕಮ್ಮಿ ಸಾಕು.

ಬುಟ್ಟಿಯ ಮಾತು ಇದಕ್ಕಿಂತ ಮುಖ್ಯ. ತೆಂಗಿನ ಸಿಪ್ಪೆಯನ್ನೂ ನೋಡಿದೆ, ಮರದ ಪಟ್ಟಿಯ ಬುಟ್ಟಿಗೆ ನಾಲ್ಕೈದು ತುಂಡು ಇದ್ದಿಲು ಹಾಕಿಯೂ ನೋಡಿದೆ. ಮಳೆಗಾಲದಲ್ಲಿ ಸಿಪ್ಪೆ ದಿನಗಟ್ಟಲೆ ಒದ್ದೆಯಾಗೇ ಇರುತ್ತದೆ, ಬೇರು ಕಂದಾಗಿ ಮೆತ್ತಗಾಗುತ್ತದೆ. ಇದ್ದಿಲಾದರೆ ಬೇಗ ಒಣಗುತ್ತದೆ. ಒಣಗಿದ ಬೇರು ಬೆಳ್ಳಿ ಬಣ್ಣಕ್ಕೆ ಇರುತ್ತದೆ, ನೀರು ಬಿದ್ದ ತಕ್ಷಣ ಹಸಿರಾಗುತ್ತದೆ. ಎಷ್ಟು ಕುಡಿಯಿತು ಅಂತ ಅದೇ ಹೇಳುತ್ತದೆ, ಅಲ್ವಾ! ಸುಳಿಯಲ್ಲಿ ಮಾತ್ರ ನೀರು ನಿಲ್ಲಬಾರದು, ಕೊಳೆತರೆ ಗಿಡ ಹೋದ ಹಾಗೇ.

ಮೊದಲ ಸಲ ಬೆಳೆಸುವವರು ಕಿತ್ತಳೆಯನ್ನೇ ತನ್ನಿ. ಮಂಗಳೂರು, ಉಡುಪಿ ಕಡೆಯವರಿಗಂತೂ ನಾನು ಪಿಂಕ್ ಹೇಳುವುದಿಲ್ಲ. ಎರಡಕ್ಕೂ ಲ್ಯಾಬಿನಲ್ಲಿ ಬೆಳೆಸಿದ ಸಸಿ ಕೇಳಿ ತಗೊಳ್ಳಿ. ಬೇರಿನ ತುದಿ ಹಸಿರಾಗಿರಲಿ. ಕಾಡಿನಿಂದ ಕಿತ್ತು ತಂದದ್ದು ಅಂತ ಅನುಮಾನ ಬಂದರೆ ಬಿಟ್ಟು ಬನ್ನಿ.