ಔಟ್‌ರನ್ 2006 ಕೋಸ್ಟ್ 2 ಕೋಸ್ಟ್: ತಿರುವುಗಳಿಗಾಗಿಯೇ ಆಡಬೇಕಾದ ಆಟ

ಕಾರು ಓಡಿಸುವ ವಿಡಿಯೋ ಗೇಮ್‌ಗಳಲ್ಲಿ ಹೆಚ್ಚಿನವು ವೇಗವನ್ನು ಮುಂದಿಟ್ಟು ತಿರುವನ್ನು ತೊಡಕಾಗಿ ಕಾಣುತ್ತವೆ. ಸೆಗಾ ಕಂಪನಿ 2006ರಲ್ಲಿ ಹೊರತಂದ ಈ ಆಟದಲ್ಲಿ ತಿರುವೇ ಮುಖ್ಯ ಆಕರ್ಷಣೆ. ನೇರ ರಸ್ತೆ ಬಂದಾಗ ಮುಂದಿನ ತಿರುವು ಎಲ್ಲಿದೆ ಎಂದು ಕಣ್ಣು ಹುಡುಕತೊಡಗುತ್ತದೆ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಸುಮೋ ಡಿಜಿಟಲ್ ಸಂಸ್ಥೆ ಇದನ್ನು ಪ್ಲೇಸ್ಟೇಷನ್ 2, ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿ, ಎಕ್ಸ್‌ಬಾಕ್ಸ್ ಮತ್ತು ವಿಂಡೋಸ್ ಕಂಪ್ಯೂಟರ್‌ಗಳಿಗಾಗಿ ಸಿದ್ಧಪಡಿಸಿತು. ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಸಿಕ್ಕ ಅಸಲಿ ಡಿಸ್ಕನ್ನು ಪ್ಲೇಸ್ಟೇಷನ್ 2ರಲ್ಲಿ ಹಾಕಿ, ಡಬ್ಬಿ ಟಿವಿಯಲ್ಲಿ ಆಡಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೂಲ ಔಟ್‌ರನ್ ಬಂದದ್ದು 1986ರಲ್ಲಿ. ಅದರ ನಿರ್ಮಾತೃ ಯು ಸುಜುಕಿ ಅವರು ಫ್ರಾಂಕ್‌ಫರ್ಟ್‌ನಿಂದ ರೋಮ್‌ವರೆಗೆ ಕಾರಿನಲ್ಲಿ ಪ್ರಯಾಣ ಮಾಡಿ, ದಾರಿಯಲ್ಲಿ ಕಂಡ ನೋಟಗಳನ್ನು ಆಟದೊಳಗೆ ತಂದಿದ್ದರು. ಅದರಲ್ಲಿದ್ದ ಕೆಂಪು ಕಾರು ನೋಡಿದವರಿಗೆಲ್ಲ ಫೆರಾರಿ ಟೆಸ್ಟರೋಸಾ ಎಂದೇ ಗೊತ್ತಾಗುವಂತಿದ್ದರೂ ಅದಕ್ಕೆ ಫೆರಾರಿಯವರ ಪರವಾನಗಿ ಇರಲಿಲ್ಲ. 2003ರಲ್ಲಿ ಆರ್ಕೇಡ್ ಯಂತ್ರಗಳಿಗೆ (ನಾಣ್ಯ ಹಾಕಿ ಆಡುವ ದೊಡ್ಡ ಗೇಮ್ ಯಂತ್ರಗಳಿಗೆ) ಬಂದ ಔಟ್‌ರನ್ 2 ಈ ಕೊರತೆಯನ್ನು ನೀಗಿಸಿತು. ಡೀನೋ 246, ಡೇಟೋನಾ, 288 ಜಿಟಿಓ, ಟೆಸ್ಟರೋಸಾ, ಎಫ್40, ಎಫ್50, 360 ಸ್ಪೈಡರ್ ಮತ್ತು ಎಂಜೋ ಎಂಬ ಎಂಟು ನಿಜವಾದ ಫೆರಾರಿಗಳು ಅದರಲ್ಲಿದ್ದವು. ಆ ಆರ್ಕೇಡ್ ಯಂತ್ರವನ್ನು ನಾನು ನಮ್ಮ ಭಾಗದಲ್ಲಿ ಎಲ್ಲಿಯೂ ಕಂಡಿಲ್ಲ. ಹೀಗಾಗಿ ಅದರ 15 ಹಂತಗಳನ್ನೂ, ನಂತರ ಬಂದ ಎಸ್‌ಪಿ ಆವೃತ್ತಿಯ ಇನ್ನೂ 15 ಹಂತಗಳನ್ನೂ, ಮತ್ತಷ್ಟು ಕಾರುಗಳನ್ನೂ ಸೇರಿಸಿ ಒಂದೇ ಡಿಸ್ಕಿನಲ್ಲಿ ಕೊಟ್ಟಿರುವ ಈ ಆವೃತ್ತಿ ನಮ್ಮಂಥ ಊರಿನವರಿಗೆ ಹೆಚ್ಚು ಬೆಲೆಯುಳ್ಳದ್ದು.

ಈ ಆಟದ ಜೀವವಿರುವುದು ಡ್ರಿಫ್ಟ್‌ನಲ್ಲಿ. ತಿರುವು ಹತ್ತಿರವಾಗುತ್ತಿದ್ದಂತೆ ಆಕ್ಸಿಲರೇಟರ್ ಬಿಟ್ಟು, ಬ್ರೇಕನ್ನು ಕ್ಷಣಮಾತ್ರ ಒತ್ತಿ, ಸ್ಟಿಯರಿಂಗನ್ನು ತಿರುವಿನ ಕಡೆಗೆ ಎಳೆದು ಮತ್ತೆ ಆಕ್ಸಿಲರೇಟರ್ ಒತ್ತಿದರೆ ಕಾರಿನ ಹಿಂಭಾಗ ಹೊರಗೆ ಜಾರಿ, ಇಡೀ ಗಾಡಿ ಅಡ್ಡಡ್ಡಲಾಗಿ ಸಾಗತೊಡಗುತ್ತದೆ. ಇಷ್ಟನ್ನು ಕಲಿಯಲು ಹೆಚ್ಚು ಹೊತ್ತು ಬೇಕಾಗದು. ಕಷ್ಟವಿರುವುದು ಅದರಿಂದ ಹೊರಬರುವುದರಲ್ಲಿ: ಸ್ಟಿಯರಿಂಗನ್ನು ಎದುರು ದಿಕ್ಕಿಗೆ ಬೇಗ ಎಳೆದರೆ ಡ್ರಿಫ್ಟ್ ಅರ್ಧಕ್ಕೇ ಕಡಿದುಹೋಗುತ್ತದೆ, ತಡವಾಗಿ ಎಳೆದರೆ ಕಾರು ರಸ್ತೆಯಂಚಿಗೆ ಹೋಗಿ ವೇಗ ಕಳೆದುಕೊಳ್ಳುತ್ತದೆ. ಎಡ ತಿರುವಿನ ಬೆನ್ನಿಗೇ ಬಲ ತಿರುವು ಬರುವ ಕಡೆಗಳಲ್ಲಿ ಒಂದು ಡ್ರಿಫ್ಟನ್ನು ಮುಗಿಸಿದ ಗಳಿಗೆಯಲ್ಲೇ ಇನ್ನೊಂದನ್ನು ಆರಂಭಿಸಬೇಕಾಗುತ್ತದೆ. ಅದು ಸರಿಯಾಗಿ ಕೂಡಿಬಂದಾಗ ಆಗುವ ಹಿಗ್ಗನ್ನು ಬೇರೆ ಯಾವ ರೇಸಿಂಗ್ ಆಟವೂ ನನಗೆ ಇಷ್ಟು ಕೊಟ್ಟಿಲ್ಲ. ಮುಂದಿನ ವಾಹನದ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿಯ ತಡೆ ಕಡಿಮೆಯಾಗಿ ವೇಗ ಹೆಚ್ಚುವ ಏರ್ಪಾಡೂ ಇದೆ, ಇದರಿಂದ ದಾರಿಯಲ್ಲಿನ ಲಾರಿ ಕಾರುಗಳು ಅಡಚಣೆಯೂ ಹೌದು, ನೆರವೂ ಹೌದು.

ಕೊನೆಯದೊಂದನ್ನು ಬಿಟ್ಟು ಪ್ರತಿ ಹಂತದ ತುದಿಯಲ್ಲಿ ರಸ್ತೆ ಎರಡಾಗಿ ಕವಲೊಡೆಯುತ್ತದೆ. ಎಡಗಡೆಯ ದಾರಿ ಸುಲಭ, ಬಲಗಡೆಯದು ಕಠಿಣ. ಐದು ಹಂತ ದಾಟಿದರೆ ಐದು ಗುರಿಗಳಲ್ಲಿ ಒಂದನ್ನು ತಲುಪುತ್ತೇವೆ. ತಾಳೆಮರಗಳ ಕಡಲತೀರದಿಂದ ಹೊರಟ ಕಾರು, ಮುಂದಿನ ಹಂತ ಲೋಡ್ ಆಗಲೆಂದು ಎಲ್ಲಿಯೂ ನಿಲ್ಲದೆ, ಹಿಮದ ಬೆಟ್ಟಕ್ಕೋ ಕೋಟೆಯ ಗೋಡೆಯ ಬದಿಗೋ ಟ್ಯೂಲಿಪ್ ತೋಟಕ್ಕೋ ಹೋಗಿ ಸೇರುವ ಬಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಬಾಗಿಲು ಮುಚ್ಚಿ ಕೂತು ಆ ಹಿಮದ ರಸ್ತೆಯಲ್ಲಿ ಕಾರು ಓಡಿಸುವುದು ಒಂದು ಬೇರೆಯೇ ಸುಖ.

ಅಪಘಾತವಾದರೆ ಕಾರು ಪಲ್ಟಿ ಹೊಡೆದು ಮತ್ತೆ ನೆಟ್ಟಗೆ ನಿಲ್ಲುತ್ತದೆ. ಬಣ್ಣಕ್ಕೆ ಗೀರೂ ಬೀಳುವುದಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅಕ್ಕನ ಮಗ, “ಮಾಮಾ, ಇಷ್ಟು ಉಳ್ಳಾಡಿ ಬಿದ್ರೂ ಗಾಡಿಗಿ ಏನೂ ಆಗಿಲ್ಲ ನೋಡ್ರಿ” ಎಂದು ಬೆರಳು ಮಾಡಿ ತೋರಿಸಿದ. ಇದನ್ನು ಕೊರತೆಯೆಂದು ಹೇಳುವವರಿದ್ದಾರೆ, ಆದರೆ ನಾನು ಒಪ್ಪುವುದಿಲ್ಲ. ಇಲ್ಲಿ ತಪ್ಪಿಗೆ ತೆರುವ ದಂಡ ಸಮಯ ಮಾತ್ರ, ಪರದೆಯ ಮೇಲ್ಗಡೆ ಓಡುತ್ತಿರುವ ಸೆಕೆಂಡುಗಳ ಲೆಕ್ಕದಲ್ಲಿ ಅದು ಸಾಕಷ್ಟು ದುಬಾರಿ.

ನಿಜವಾದ ಕೊರತೆ ಇರುವುದು ಕೋಸ್ಟ್ 2 ಕೋಸ್ಟ್ ಎಂಬ ವಿಭಾಗದಲ್ಲಿ. ಆಟದ ಕಾರಿನಲ್ಲಿ ಚಾಲಕನ ಪಕ್ಕ ಕುಳಿತ ಗೆಳತಿ ಇಷ್ಟು ಡ್ರಿಫ್ಟ್ ಮಾಡು, ಇಷ್ಟು ಕಾರು ಹಿಂದಿಕ್ಕು ಎಂದು ಕೇಳುತ್ತ ಹೋಗುತ್ತಾಳೆ; ಮೊದಮೊದಲು ಇದು ತಿರುವುಗಳನ್ನು ಕಲಿಸುವ ಪಾಠದಂತಿದ್ದರೂ, ಅವೇ ಬೇಡಿಕೆಗಳು ಮತ್ತೆ ಮತ್ತೆ ಬಂದು ಬೇಸರ ಹಿಡಿಸುತ್ತವೆ. ಹೊಸ ಕಾರು ಮತ್ತು ಹಾಡುಗಳನ್ನು ಪಡೆಯಲು ಆಟದಲ್ಲಿ ಗಳಿಸಿದ ಮೈಲುಗಳನ್ನು ಕೂಡಿಡಬೇಕು, ಅದು ಬಹಳ ನಿಧಾನವಾಗಿ ಸಾಗುತ್ತದೆ. ಹಿರೋಶಿ ಕವಾಗುಚಿ ಅವರು 1986ರಲ್ಲಿ ಹೊಸೆದ ರಾಗಗಳ ಹೊಸ ರೂಪಗಳನ್ನು ಕೇಳಲು ಮಾತ್ರ ಆ ಶ್ರಮವನ್ನು ಪಡಬಹುದು.

ಈಗ ಇದು ಸಿಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಂತೋಷದ್ದಲ್ಲ. ಇದೇ ಆಟದ ಒಂದು ಚಿಕ್ಕ ರೂಪ 2009ರಲ್ಲಿ ಡೌನ್‌ಲೋಡ್ ಮಾಡಿಕೊಳ್ಳುವಂತೆ ಬಂದಿತ್ತು. ಫೆರಾರಿಯೊಂದಿಗಿನ ಪರವಾನಗಿಯ ಅವಧಿ ಮುಗಿದ ಕಾರಣ ಅದನ್ನು ಮಾರಾಟದಿಂದ ಹಿಂತೆಗೆದುಕೊಳ್ಳಲಾಯಿತು. ಯಾವ ಒಪ್ಪಂದ ಈ ಆಟಕ್ಕೆ ನಿಜವಾದ ಕಾರುಗಳನ್ನು ತಂದುಕೊಟ್ಟಿತೋ ಅದೇ ಒಪ್ಪಂದ ಇದನ್ನು ಅಂಗಡಿಗಳಿಂದ ದೂರ ಮಾಡಿದ್ದು ನನಗೆ ಬಹಳ ನೋವು ತಂದಿದೆ, ಏಕೆಂದರೆ ಇಂದಿನ ಮಕ್ಕಳು ಹಣ ಕೊಡಲು ಸಿದ್ಧರಿದ್ದರೂ ಕೊಳ್ಳುವ ದಾರಿಯಿಲ್ಲ. ಉಳಿದಿರುವುದು ಹಳೆಯ ಡಿಸ್ಕುಗಳು. ಸಿಕ್ಕರೆ ಅಂಗಡಿಯಲ್ಲೇ ಬೆಳಕಿಗೆ ಹಿಡಿದು ಗೀರುಗಳನ್ನು ನೋಡಿ, ಸಾಧ್ಯವಾದರೆ ಅಲ್ಲಿಯೇ ಯಂತ್ರಕ್ಕೆ ಹಾಕಿಸಿ ಓಡಿಸಿ ನೋಡಿ ಕೊಳ್ಳಿರಿ. ಐದು ಹಂತಗಳ ಒಂದು ಓಟ ಕೆಲವೇ ನಿಮಿಷಗಳಲ್ಲಿ ಮುಗಿಯುವುದರಿಂದ ಕರೆಂಟ್ ಹೋಗಿ ಬರುವ ದಿನಗಳಲ್ಲಿಯೂ ಆಡಬಹುದು. 15 ಹಂತಗಳ ಉದ್ದ ಓಟಕ್ಕೆ ಮಾತ್ರ ಇನ್ವರ್ಟರ್ ಇರುವ ಮನೆಯೇ ಬೇಕು.