ಗ್ರಾಪ್ಟೊಲೈಟಾ, ಚಿಪ್ಪಾ, ಕೊನೊಡಾಂಟಾ? ಏಳು ಕಲ್ಲುಗಳ ಮೇಲೆ ನನ್ನ ಪ್ರಯೋಗ

ಭೂವಿಜ್ಞಾನ ಪಾಠ ಮಾಡುವ ಗೆಳೆಯನೊಬ್ಬ ಹಿಂದೆಂದೋ ಬ್ರಿಟನ್‌ನಿಂದ ತಂದಿದ್ದ ಏಳು ಕಲ್ಲುಗಳನ್ನು, ಹೆಸರಿನ ಚೀಟಿ ಕಿತ್ತಿಟ್ಟುಕೊಂಡು ನನ್ನ ಕೈಗೆ ಕೊಟ್ಟ. "ಎಲ್ಲಾ ಸಿಲೂರಿಯನ್ ಕಾಲದ್ದೇ. ಯಾವುದು ಹಳೇದು, ಯಾವುದು ಆಮೇಲಿನದ್ದು, ನೀನೇ ಹೇಳು ನೋಡೋಣ" ಅಂದ. ಕಲ್ಲೊಳಗಿನ ಪಳೆಯುಳಿಕೆ ನೋಡಿಯೇ ಹೇಳಬೇಕು; ಚಿಪ್ಪು, ಗ್ರಾಪ್ಟೊಲೈಟ್, ಕೊನೊಡಾಂಟ್ ಈ ಮೂರರಲ್ಲಿ ಯಾವುದನ್ನು ನಂಬುವುದು ಅನ್ನುವುದೇ ಪ್ರಶ್ನೆ. ನಮ್ಮೂರಲ್ಲಿ ಈ ಆಟಕ್ಕೆ ಕಲ್ಲು ಸಿಗುವುದಿಲ್ಲ ಬಿಡಿ. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ, ಸಿಲೂರಿಯನ್ ಶುರುವಾಗಿದ್ದು ಬರೀ 44 ಕೋಟಿ ವರ್ಷದ ಹಿಂದೆ.

ಮೊದಲು ಚಿಪ್ಪಿಗೆ ಕೈ ಹಾಕಿದೆ, ಕಣ್ಣಿಗೆ ಬೀಳುವುದೇ ಅದು. ಎರಡು ಸುಣ್ಣಕಲ್ಲಿನ ತುಂಬ ಬ್ರಾಕಿಯೋಪಾಡ್‌ಗಳು, ಅಂದರೆ ಜೋಡಿ ಚಿಪ್ಪಿನ ಸಮುದ್ರಜೀವಿಗಳು. ಅಟ್ರೈಪಾ ಎಂದು ಪತ್ತೆ ಹಚ್ಚಿ ಬೀಗಿದ್ದಷ್ಟೇ ಬಂತು, ಆ ಕುಲ ಮುಂದಿನ ಡೆವೋನಿಯನ್ ಕಾಲದಲ್ಲೂ ಬದುಕಿತ್ತು. ಅಲ್ಲದೆ ಇವು ಸಮುದ್ರದ ತಳದಲ್ಲಿ ಕೂತು ಬಾಳಿದವು. ನೀರಿನ ಆಳ ಬದಲಾದರೆ ಚಿಪ್ಪಿನ ಜಾತಿಯೂ ಬದಲಾಗುತ್ತದೆ, ಹಾಗಾಗಿ ಎರಡು ಕಲ್ಲಲ್ಲಿ ಬೇರೆ ಬೇರೆ ಚಿಪ್ಪು ಕಂಡರೆ ಕಾಲ ಬೇರೆಯೋ ಜಾಗ ಬೇರೆಯೋ ಗೊತ್ತಾಗುವುದಿಲ್ಲ.

ಉಳಿದ ಐದು ಕಪ್ಪು ಶೇಲ್, ಕೆಸರು ಗಟ್ಟಿಯಾಗಿ ಆದ ಪದರಗಲ್ಲು. ಎದುರಿಗೆ ಹಿಡಿದರೆ ಸುಮ್ನೆ ಪೆನ್ಸಿಲ್ ಗೀಚಿದ ಹಾಗೆ. ಬೆಳಗಿನ ಓರೆ ಬಿಸಿಲಲ್ಲಿ ಬಾಲ್ಕನಿ ಗ್ರಿಲ್ ಪಕ್ಕ ಕಲ್ಲನ್ನು ಮೆಲ್ಲಗೆ ಓರೆ ಮಾಡಿದೆ ನೋಡಿ, ಗೀಟು ಬೆಳ್ಳಿ ಎಳೆಯಂತೆ ಮಿಂಚಿತು. ಲೆನ್ಸ್ ಇಟ್ಟರೆ ಆಕ್ಸಾ ಬ್ಲೇಡಿನಂಥ ಹಲ್ಲುಗಳು. ಇವೇ ಗ್ರಾಪ್ಟೊಲೈಟ್‌ಗಳು, ಗುಂಪಾಗಿ ಬಾಳಿದ ಸಮುದ್ರಜೀವಿಗಳ ಪಳೆಯುಳಿಕೆ. ಒಂದೊಂದು ಹಲ್ಲೂ ಒಂದೊಂದು ಪುಟ್ಟ ಜೀವಿಯ ಗೂಡು. ಒಂದರಲ್ಲಿ ಹಲ್ಲುಗಳು ದೂರ ದೂರ, ಮುರುಕು ಬಾಚಣಿಗೆಯಂತೆ: ರಾಸ್ಟ್ರೈಟಿಸ್. ಇನ್ನೊಂದು ಥೇಟ್ ಮುಳ್ಳು ಚಕ್ಕುಲಿ: ಸ್ಪೈರೋಗ್ರಾಪ್ಟಸ್. ಎರಡೂ ಸಿಲೂರಿಯನ್‌ನ ಮೊದಲ ಭಾಗದವು. ಸುರುಳಿಯಿಂದ ಕೊಂಬೆ ಒಡೆದಿದ್ದ ಸಿರ್ಟೋಗ್ರಾಪ್ಟಸ್ ಅನ್ನು ಆಮೇಲಿನದ್ದು ಅಂದೆ. ಚೀಟಿ ನೋಡಿದರೆ ಮೂರೂ ಸರಿ! ನಾಲ್ಕನೆಯದರಲ್ಲಿ ಮಾತ್ರ ಸುತ್ತಿಗೆ ಗೀರನ್ನೇ ಪಳೆಯುಳಿಕೆ ಅಂದುಕೊಂಡು ಮಾನ ಕಳೆದುಕೊಂಡೆ.

ಗ್ರಾಪ್ಟೊಲೈಟ್‌ಗಳು ತೇಲಿಕೊಂಡು ಸಮುದ್ರವೆಲ್ಲ ಹರಡಿದವು, ಬೇಗ ಬೇಗ ರೂಪ ಬದಲಿಸಿದವು. ಅದಕ್ಕೇ 2.4 ಕೋಟಿ ವರ್ಷದ ಸಿಲೂರಿಯನ್ ಅನ್ನು ಸರಾಸರಿ ಹತ್ತು ಲಕ್ಷ ವರ್ಷಕ್ಕಿಂತ ಸಣ್ಣ ಹೋಳುಗಳಾಗಿ ಕತ್ತರಿಸಲು ಆಗಿದೆ. ಸ್ಕಾಟ್ಲೆಂಡಿನ ಮೊಫಟ್ ಸುತ್ತಲಿನ ಪದರಗಳು ಭಾರೀ ದಪ್ಪ ಎಂದೇ ಎಲ್ಲರೂ ನಂಬಿದ್ದಾಗ, ಶಾಲಾ ಮೇಷ್ಟ್ರಾಗಿದ್ದ ಚಾರ್ಲ್ಸ್ ಲ್ಯಾಪ್‌ವರ್ತ್ ಗ್ರಾಪ್ಟೊಲೈಟ್ ಎಣಿಸುತ್ತಾ ಹೋಗಿ, ಅದೇ ತೆಳು ಪದರಗಳು ಮಡಚಿ ಮಡಚಿ ಮತ್ತೆ ಮತ್ತೆ ಬಂದಿವೆ ಎಂದು 1878ರಲ್ಲಿ ತೋರಿಸಿದ. ಚಿಪ್ಪು ನಂಬಿ ಕೂತಿದ್ದರೆ ಆಗುತ್ತಿರಲಿಲ್ಲ, ಅಲ್ವಾ?

ಸುಣ್ಣಕಲ್ಲಿಗೆ ಕೊನೊಡಾಂಟ್ ಬೇಕು, ಹಲ್ಲಿನಂಥ ಸೂಕ್ಷ್ಮ ಚೂರುಗಳು. ಕಲ್ಲನ್ನು ಅಸಿಟಿಕ್ ಆಮ್ಲದಲ್ಲಿ ಕರಗಿಸಿ ಸೋಸುತ್ತಾರೆ. ನಾನು ಅಡುಗೆಮನೆ ವಿನೆಗರ್ ಸುರಿದೆ. ಹತ್ತು ದಿನ ಮನೆಯೆಲ್ಲ ಹುಳಿ ವಾಸನೆ, ಅತ್ತಿಗೆ ಬೈಗುಳ, ಕೊನೆಗೆ ಸಿಕ್ಕಿದ್ದು ಒಂದು ಚಮಚ ಕೆಸರು. ಲ್ಯಾಬ್ ಇದ್ದವರಿಗೆ ಇದು ಗ್ರಾಪ್ಟೊಲೈಟಿಗೆ ಸರಿಸಾಟಿ, ಬಾಲ್ಕನಿಯವರಿಗೆ ಅಲ್ಲ.

ಗ್ರಾಪ್ಟೊಲೈಟ್ ಹಿಂದೆ ಮುಂದೆ ಅಷ್ಟೇ ಹೇಳುತ್ತದೆ. ಇಷ್ಟು ಕೋಟಿ ವರ್ಷ ಅನ್ನುವ ಅಂಕಿ ಬೇಕೆಂದರೆ ಪದರದ ನಡುವಿನ ಜ್ವಾಲಾಮುಖಿ ಬೂದಿಯ ಜಿರ್ಕಾನ್ ಹರಳನ್ನೇ ಕೇಳಬೇಕು. ಐದನೇ ಶೇಲ್ ತುಂಡಲ್ಲಿ ಉಳಿದಿರುವುದು ಎರಡೇ ಹಲ್ಲು. ಅದು ಇನ್ನೂ ಟಿವಿ ಮೇಲೇ ಕೂತಿದೆ, ಚೀಟಿ ನೋಡಿಲ್ಲ.